ಮೂವತ್ತೆಂಟು ಮೊಗ್ಗುಗಳ ಬಾಯಮ್ಮ

ನಾನು ಕೊಟ್ಟ ಮಲ್ಲಿಗೆಯ ಚೆಂಡು ಮರುದಿನ ಬೆಳಿಗ್ಗೆ ನಮ್ಮ ಮನೆಗೇ ವಾಪಸು ಬಂತು. ಸ್ಟೀಲಿನ ಡಬ್ಬಿಯೊಳಗೆ, ಒದ್ದೆ ಬಟ್ಟೆಯ ಮೇಲೆ, ಕಟ್ಟಿದ ಹೂವನ್ನೆಲ್ಲ ಬಿಚ್ಚಿ ಬಿಡಿಬಿಡಿಯಾಗಿ ಹರಡಿದ್ದರು. ಬಾಳೆನಾರನ್ನು ಸುರುಳಿ ಸುತ್ತಿ ಬದಿಗೆ ಇಟ್ಟಿದ್ದರು. ಅದರ ಮೇಲೆ ಒಂದು ಬಸ್ ಟಿಕೆಟು. ಟಿಕೆಟಿನ ಹಿಂದೆ ಪೆನ್ನಿನಲ್ಲಿ ಬರೆದ ಒಂದೇ ಸಂಖ್ಯೆ: ೭೬೨.

ತಂದುಕೊಟ್ಟವರು ಅವರೇ. ಗೇಟಿನ ಹೊರಗೆ ನಿಂತಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕಂಕುಳಲ್ಲಿ ಗಂಡಸರ ಕೊಡೆ.

"ಅಮ್ಮ, ನಿಮ್ಮ ಹೂ. ಎರಡು ಕಾರಣಕ್ಕೆ ವಾಪಸು ತಂದೆ," ಎಂದರು. "ಒಂದು, ನಿಮ್ಮ ಮಗಳ ಉತ್ತರಪತ್ರಿಕೆ ಇನ್ನೂ ನನ್ನ ಮೇಜಿನ ಮೇಲೆ ಉಂಟು. ಎರಡು, ಒಂದು ಚೆಂಡಿಗೆ ಎಂಟುನೂರು ಮೊಗ್ಗು, ಅಲ್ವಾ? ಮೂವತ್ತೆಂಟು ಎಲ್ಲಿಗೆ ಹೋಯಿತು?"

ಮೊದಲನೆಯ ಕಾರಣಕ್ಕೆ ನನ್ನ ಮುಖ ಕೆಂಪಾಯಿತು. ಎರಡನೆಯದಕ್ಕೆ ಡಬ್ಬಿಯ ಮುಚ್ಚಳ ಹಾಕಿಬಿಟ್ಟೆ. ಅವರು ಮಾತ್ರ ಬೈಯುವವರ ಹಾಗೆ ಇರಲಿಲ್ಲ. ದಾರಿ ತಪ್ಪಿದವರು ದಾರಿ ಕೇಳುವ ಹಾಗೆ, ನಿಜವಾಗಿ ಗೊತ್ತಿಲ್ಲದೆ ಕೇಳುತ್ತಿದ್ದರು.

ನಮ್ಮ ಊರು ಕಾಪುವಿನಿಂದ ಸ್ವಲ್ಪ ಒಳಗೆ. ಇಲ್ಲಿ ಮನೆಮನೆಗೂ ಮಲ್ಲಿಗೆ ಗಿಡ. ಇಗರ್ಜಿಯ, ಅಂದರೆ ಚರ್ಚಿನ, ಹಿಂದಿನ ರಸ್ತೆಯ ಹಂಚಿನ ಮನೆಯಲ್ಲಿ ಅವರು ಒಬ್ಬರೇ ಇದ್ದರು. ಮಣಿಪಾಲದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ಕ್ರಿಶ್ಚಿಯನ್ ಹೆಂಗಸರನ್ನು ನಾವು ಗೌರವದಿಂದ ಬಾಯಮ್ಮ ಎನ್ನುತ್ತೇವೆ. ಹಾಗಾಗಿ ಊರಿಗೆ ಅವರು ಲೆಕ್ಕದ ಬಾಯಮ್ಮ. ನನ್ನ ಮಗಳು ಅವರದೇ ತರಗತಿಯಲ್ಲಿದ್ದಳು. ಮೊದಲ ಪರೀಕ್ಷೆಯಲ್ಲಿ ಫೇಲಾಗಿ, ಎರಡನೆಯದನ್ನು ಬರೆದು, ಮನೆಯಲ್ಲಿ ಊಟ ಬಿಟ್ಟು ಕೂತಿದ್ದಳು. ನಾನು ಒಂದು ಚೆಂಡು ಹೂ ಹಿಡಿದುಕೊಂಡು ಅವರ ಮನೆಗೆ ಹೋಗಿ, "ನಿಮ್ಮ ಮಾತೆಯ ಪ್ರತಿಮೆಗೆ" ಎಂದು ಇಟ್ಟು ಬಂದಿದ್ದೆ. ಲಂಚ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ಹೂ ಅಲ್ವಾ?

ಮಗಳು ಆ ಸಲ ಪಾಸಾದಳು. ಹೂವಿನಿಂದ ಅಲ್ಲ. ಫಲಿತಾಂಶ ಬಂದ ಸಂಜೆ ಬಾಯಮ್ಮ ಪುನಃ ಗೇಟಿನ ಹೊರಗೆ ಬಂದು ನಿಂತರು. "ಈಗ ಹೂ ಕೊಡಬಹುದು. ರೇಟು ಎಷ್ಟು? ನನಗೆ ಎಂಟುನೂರು ಬೇಕು," ಎಂದರು. ಅವತ್ತಿನಿಂದ ಪ್ರತಿ ಶನಿವಾರ ಒಂದು ಚೆಂಡು. ಪ್ರತಿ ಶನಿವಾರ ಎಣಿಕೆ.

ಆ ಮೂವತ್ತೆಂಟರ ಕತೆಯನ್ನು ನಾನು ಅವರಿಗೆ ಹೇಳಲೇಬೇಕಾಯಿತು. ಬಿಡುವ ಹೆಂಗಸು ಅವರಲ್ಲ.

ನಾವು ಬೆಳಿಗ್ಗೆ ಮೊಗ್ಗು ಕೊಯ್ದು, ನಾರಿನಲ್ಲಿ ಕಟ್ಟಿ, ಹನ್ನೊಂದು ಗಂಟೆಯ ಒಳಗೆ ಹೂವಿನ ಕಟ್ಟೆಗೆ ಮುಟ್ಟಿಸಬೇಕು. ಕಟ್ಟೆ ಎಂದರೆ ಹೂ ತೆಗೆದುಕೊಳ್ಳುವ ಅಂಗಡಿ. ಅಲ್ಲಿಂದ ಮಧ್ಯಾಹ್ನದ ವ್ಯಾನಿನಲ್ಲಿ ಹೂ ಊರೂರಿಗೆ ಹೋಗುತ್ತದೆ. ಎಲ್ಲ ಕಟ್ಟೆಯೂ ಒಂದೇ ತರ ಅಲ್ಲ. ನಾವು ಕೊಡುತ್ತಿದ್ದ ಕಟ್ಟೆಯ ಯಜಮಾನ ಅಂಗಡಿಯಲ್ಲಿ ಒಂದು ದೇವರ ಪಟ ಇಟ್ಟಿದ್ದ. "ಪಟಕ್ಕೆ ಒಂದು ಗೇಣು ಕೊಸರು ಹಾಕಿ ಅಕ್ಕ," ಎನ್ನುತ್ತಿದ್ದ. ಮೊದಮೊದಲು ಮನೆಗೆ ಒಂದು ಗೇಣು. ಕ್ರಮೇಣ ಚೆಂಡಿಗೆ ಒಂದು ಗೇಣು ಎಂದಾಯಿತು. ದೇವರ ಪಟ ಒಂದೇ, ಹೂ ಮಾತ್ರ ನಲವತ್ತು ಮನೆಯದ್ದು. ಉಳಿದದ್ದನ್ನು ಅವನು ಸೇರಿಸಿ ಕಟ್ಟಿ ಮಾರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಕೊಡದಿದ್ದರೆ ಮೊಗ್ಗನ್ನು ಬೆಳಕಿಗೆ ಹಿಡಿದು, "ಅರಳಿದೆಯಲ್ಲ ಅಕ್ಕ, ಇದು ಹೋಗುವುದಿಲ್ಲ," ಎನ್ನುತ್ತಿದ್ದ. ಮಲ್ಲಿಗೆಗೆ ನಾಳೆ ಎಂಬುದಿಲ್ಲ. ಹಾಗಾಗಿ ಎಲ್ಲರೂ ಕೊಟ್ಟೆವು. ಕೊಟ್ಟದ್ದನ್ನು ಚೆಂಡಿನ ಒಳಗಿನಿಂದಲೇ ತೆಗೆದೆವು. ಹೊರಗಿನಿಂದ ಚೆಂಡು ಗುಂಡಗೆ ಕಾಣುವ ಹಾಗೆ ನಡುವೆ ಸ್ವಲ್ಪ ಸಡಿಲ ಕಟ್ಟಿದರೆ ಆಯಿತು. ಅದನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ.

ಎಲ್ಲ ಕೇಳಿದ ಬಾಯಮ್ಮ ಒಂದು ವಾರ ಬಿಟ್ಟು, ನನ್ನ ಸ್ಕೂಟರಿನಲ್ಲಿ ಹೂ ಕಳಿಸುವ ಎಲ್ಲ ಮನೆಯವರಿಂದ ಒಂದೊಂದು ಚೆಂಡು ಕೊಂಡರು. ನನ್ನದೂ ಸೇರಿ ಹನ್ನೆರಡು ಮನೆ. ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿಬಿಟ್ಟರೆ ಕಟ್ಟೆಗೆ ಹೋಗುವವರು ಯಾರು? ಹಾಗೆ ಸುತ್ತಿನ ಹೂವೆಲ್ಲ ನನ್ನ ಕೈಯಿಂದಲೇ ಹೋಗುತ್ತಿತ್ತು. ಅವರ ಜಗಲಿಯಲ್ಲಿ ಹನ್ನೆರಡು ತಟ್ಟೆ. ಇಬ್ಬರೂ ಕೂತು ಬಿಚ್ಚಿ ಎಣಿಸಿದೆವು. ಒಂದೂ ಎಂಟುನೂರು ಇಲ್ಲ. ಎಲ್ಲವೂ ಏಳುನೂರ ಐವತ್ತೈದರಿಂದ ಎಪ್ಪತ್ತರ ಒಳಗೆ.

ಬಾಯಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹನ್ನೆರಡು ಹೆಂಗಸರು ಹನ್ನೆರಡು ಮನೆಯಲ್ಲಿ ಕೂತು ಒಂದೇ ಅಳತೆಯ ಸುಳ್ಳು ಹೇಗೆ ಕಟ್ಟುತ್ತೀರಿ ಮಾರಾಯ್ತಿ?"

ನನಗೆ ನಗು ಬಂತು. ಅಳುವೂ ಬಂತು. ಅವರು ನನ್ನನ್ನು ಮಾರಾಯ್ತಿ ಎಂದು ಕರೆದದ್ದು ಅದೇ ಮೊದಲು.

ಅವರ ಸಂಶೋಧನೆಯೇ ಅದು ಎಂದು ಆಮೇಲೆ ತಿಳಿಯಿತು. ಕೊಳ್ಳುವವರು, ಕೊಡುವವರು, ಸಹಿ ಹಾಕುವವರು, ನಡುವೆ ನಿಲ್ಲುವವರು, ಇವರನ್ನೆಲ್ಲ ಚುಕ್ಕಿಗಳಾಗಿ ಇಟ್ಟು, ಯಾರಿಂದ ಯಾರಿಗೆ ಎಂಬುದನ್ನು ಗೆರೆಗಳಾಗಿ ಎಳೆದು, ಲಂಚ ಆ ಗೆರೆಗಳ ಮೇಲೆ ಹೇಗೆ ಹಬ್ಬುತ್ತದೆಂದು ಗಣಿತದಲ್ಲಿ ಬರೆಯುವುದು. ನಾನು ಓದಿದ್ದು ಪಿಯುಸಿ. ನನಗೆ ಅವರು ಹೇಳಿದ್ದು ಹೀಗೆ: "ಕೆಟ್ಟವರನ್ನು ಹುಡುಕಬೇಡ. ಸಿಕ್ಕರೂ ಪ್ರಯೋಜನವಿಲ್ಲ, ಅವರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಲಂಚ ಮನುಷ್ಯನ ಒಳಗೆ ಇರುವುದಿಲ್ಲ, ಇಬ್ಬರ ನಡುವಿನ ಗೆರೆಯಲ್ಲಿ ಇರುತ್ತದೆ."

ಯಾವ ವಿಷಯಕ್ಕೂ ಅವರಿಗೆ ಮೂರು ಪ್ರಶ್ನೆ. ಎಂತ ಉಂಟು? ಎಷ್ಟು ಉಂಟು? ಯಾರ ಕೈಯಿಂದ ಬಂತು? ಮೀನು ತಂದ ಹೆಂಗಸಿಗೂ ಇದೇ ಮೂರು. ಆ ಹೆಂಗಸು ಒಮ್ಮೆ, "ಬಾಯಮ್ಮ, ಬಂಗುಡೆ ತಿನ್ನಲಿಕ್ಕಾ, ಮದುವೆ ಮಾಡಿಸಲಿಕ್ಕಾ?" ಎಂದು ಕೇಳಿದ್ದಳು. ಬಾಯಮ್ಮ ಇಡೀ ರಸ್ತೆಗೆ ಕೇಳುವ ಹಾಗೆ ನಕ್ಕರು. ಅವರ ನಗು ದೊಡ್ಡದು, ಗಂಟಲಿನಿಂದ ಬರುವುದು. ನಕ್ಕ ಮೇಲೂ ಉತ್ತರಕ್ಕೆ ಕಾದು ನಿಂತರು.

ಕಾರ್ಕಳದ ಕಡೆ ಒಂದು ಕಚೇರಿಯಲ್ಲಿ ಅವರ ತಾಯಿಯ ಜಾಗದ ಒಂದು ಕಾಗದ ಸಿಕ್ಕಿಹಾಕಿಕೊಂಡಿತ್ತು. ಹದಿನೇಳು ಸಲ ಹೋಗಿದ್ದರು. ಬೇರೆಯವರಾದರೆ ಜಗಳ ಮಾಡುತ್ತಿದ್ದರು, ಇಲ್ಲ ಕೊಟ್ಟು ಮುಗಿಸುತ್ತಿದ್ದರು. ಇವರು ಪ್ರತಿ ಸಲವೂ ಯಾರು ಯಾರ ಹತ್ತಿರ ಕಳಿಸಿದರೆಂದು ಬರೆದುಕೊಂಡರು. ಹದಿನೇಳನೆಯ ಸಲ ಆ ಚಿತ್ರವನ್ನೇ ಅಧಿಕಾರಿಯ ಮೇಜಿನ ಮೇಲೆ ಹರಡಿದರು. ಅವರು ಹೇಳಿದ ಹಾಗೆಯೇ ಬರೆಯುತ್ತೇನೆ:

"ಅವನು ಚಿತ್ರವನ್ನು ನೋಡಿದ. ಈ ಚುಕ್ಕಿ ಯಾರು ಅಂದ. ನೀವು ಅಂದೆ. ಇದು? ಎದುರಿನ ಜೆರಾಕ್ಸ್ ಅಂಗಡಿ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದ. ಮತ್ತೆ ಪೆನ್ಸಿಲ್ ತೆಗೆದು, 'ಮೇಡಂ, ಇಲ್ಲಿ ತಪ್ಪುಂಟು. ಜೆರಾಕ್ಸ್ ಅಂಗಡಿಯಿಂದ ನನಗೆ ನೇರ ಗೆರೆ ಇಲ್ಲ, ನಡುವೆ ಇನ್ನೊಬ್ಬರಿದ್ದಾರೆ' ಅಂತ ತಿದ್ದಿಯೇಬಿಟ್ಟ! ತಿದ್ದಿದ ಮೇಲೆ ಅವನಿಗೆ ತಾನು ಎಂತ ಮಾಡಿದೆ ಅಂತ ಗೊತ್ತಾಯಿತು."

ಕಾಗದ ಅವತ್ತು ಮಧ್ಯಾಹ್ನವೇ ಕೈಗೆ ಬಂತಂತೆ. "ನಾನು ಹೋದದ್ದು ಕಾಗದಕ್ಕೆ. ಅವನು ನನಗೆ ಒಂದು ಸಂಶೋಧನಾ ಪ್ರಬಂಧವನ್ನೇ ಕೊಟ್ಟ, ಪಾಪ," ಎನ್ನುತ್ತಿದ್ದರು. ಪಾಪ ಎಂಬ ಮಾತನ್ನು ಅವರು ನಿಜವಾಗಿಯೇ ಹೇಳುತ್ತಿದ್ದರು.

ನಮ್ಮ ಮನೆಗೆ ಅವರು ಬರತೊಡಗಿದ್ದು ಮಾಮಿಯಿಂದಾಗಿ. ಮಾಮಿ ಎಂದರೆ ನನ್ನ ಗಂಡನ ತಾಯಿ, ತುಳುವಿನಲ್ಲಿ ನಾವು ಹಾಗೆ ಕರೆಯುವುದು. ಮಾಮಿಗೆ ಓದು ಬರಹವಿಲ್ಲ. ಆದರೆ ಚೆನ್ನೆಮಣೆಯಲ್ಲಿ ಅವರನ್ನು ಸೋಲಿಸಿದವರು ಊರಲ್ಲಿ ಇಲ್ಲ. ಹದಿನಾಲ್ಕು ಗುಳಿಗಳಲ್ಲಿ ಎಷ್ಟೆಷ್ಟು ಕಾಳುಂಟೆಂದು ಬಗ್ಗಿ ನೋಡದೆಯೇ ಹೇಳುತ್ತಾರೆ. ಬಾಯಮ್ಮ ಮೊದಲ ಸಲ ಆಡಲು ಕೂತದ್ದು ಬಹಳ ಧೈರ್ಯದಿಂದ. ಐದು ಆಟ, ಐದೂ ಸೋಲು.

"ಇವರು ಎಂತ ಪ್ರೊಫೆಸರಾ?" ಎಂದು ಮಾಮಿ ಅವರ ಎದುರಿಗೇ ನನ್ನನ್ನು ಕೇಳಿದರು.

"ಅಮ್ಮ, ನನಗೆ ಸಂಬಳ ಕೊಡುವವರಿಗೆ ಇದನ್ನು ಹೇಳಬೇಡಿ," ಎಂದರು ಬಾಯಮ್ಮ, ಕೈಮುಗಿದು.

ಆ ಚೆನ್ನೆಮಣೆಯ ಮೇಲೆಯೇ ಅವರು ನನಗೆ ತಮ್ಮ ಗಣಿತವನ್ನು ತೋರಿಸಿದ್ದು. ಒಂದೊಂದು ಗುಳಿ ಒಂದೊಂದು ಮನೆ. ಕೊಸರು ಕೊಡುವ ಮನೆಗೆ ಕೆಂಪು ಕಾಳು, ಕೊಡದ ಮನೆಗೆ ಬಿಳಿ ಕವಡೆ. ನಿಯಮ ಒಂದೇ: ಸುತ್ತಲಿನವರಲ್ಲಿ ಹೆಚ್ಚಿನವರು ಕೊಡುವವರಾದರೆ ಮರುದಿನ ನೀನೂ ಕೊಡುತ್ತೀ. ಒಂದೇ ಗುಳಿಗೆ ಕವಡೆ ಇಟ್ಟರೆ ಎರಡು ದಿನದಲ್ಲಿ ಅದೂ ಕೆಂಪು. ಮೂರು ಗುಳಿಗೆ ಇಟ್ಟರೂ ಅಷ್ಟೇ. ಇದನ್ನೇ ಅವರ ಕಂಪ್ಯೂಟರು ನಲವತ್ತು ಮನೆಗೂ ಮಾಡುತ್ತಿತ್ತು, ಕೊಡದ ಮನೆಗೆ ಹಸಿರು ಚುಕ್ಕಿ ಹಾಕಿ. ಒಂದು ಶನಿವಾರ ನನ್ನನ್ನು ಅದರ ಎದುರು ಕೂರಿಸಿ ಗುಂಡಿ ಒತ್ತಲು ಹೇಳಿದರು. ಚುಕ್ಕಿಗಳು ಕೆಂಪಾಗುತ್ತ, ಮತ್ತೆ ಮತ್ತೆ ಕೆಂಪಿಗೇ ಹೋಗುತ್ತ ಇದ್ದವು. ಕೊನೆಗೆ ಒಂದು ಕಡೆಯ ಗೊಂಚಲು ಮಾತ್ರ ಹಸಿರಾಗಿ ನಿಂತಿತು. ನಿಂತದ್ದಷ್ಟೇ ಅಲ್ಲ, ಅಲ್ಲಿಂದ ಹಸಿರು ಹೊರಗೆ ಹರಡಿತು.

"ಇದು ಯಾರು?"

"ನಿನ್ನ ಸ್ಕೂಟರು," ಎಂದರು. "ಹನ್ನೆರಡು ಮನೆಯೂ ಒಂದೇ ದಿನ ಕೊಸರು ನಿಲ್ಲಿಸಿ, ಎಂಟುನೂರು ಕಟ್ಟಿ ಕೊಟ್ಟರೆ ಅವನು ಬೇಡ ಎನ್ನುತ್ತಾನೆ, ಆದರೆ ಹನ್ನೆರಡು ಮನೆಯ ಹೂ ಇಲ್ಲದೆ ಅವನ ವ್ಯಾನು ತುಂಬುವುದಿಲ್ಲ. ನನ್ನ ಲೆಕ್ಕದಲ್ಲಿ ನಾಲ್ಕು ದಿನ. ಐದನೆಯ ದಿನ ಅವನು ಒಪ್ಪುತ್ತಾನೆ."

"ಹನ್ನೊಂದು ಮನೆ ನಿಂತು ಒಬ್ಬರು ಜಾರಿದರೆ?"

"ಹನ್ನೊಂದು ಸಾಕಾಗುವುದಿಲ್ಲ. ಒಬ್ಬರು ಹೆದರಿದ್ದಾರೆಂದು ಗೊತ್ತಾದರೆ ಉಳಿದವರೂ ಹೆದರುತ್ತಾರೆಂದು ಅವನು ಕಾಯುತ್ತಾನೆ."

ಆ ವರ್ಷ ನನ್ನ ಗಂಡ ಗಲ್ಫಿನ ಕೆಲಸ ಬಿಟ್ಟು ಬಂದು ಮನೆಯಲ್ಲಿದ್ದರು. ಮದುವೆಯ ಸೀಸನ್ ಎದುರಿಗಿತ್ತು. ಮನೆ ನಡೆಯುತ್ತಿದ್ದುದು ಹೂವಿನಿಂದ. ನಾನೊಬ್ಬಳೇ ಆದರೆ ಹೇಗೋ ನೋಡಿಕೊಳ್ಳುತ್ತಿದ್ದೆ. ಉಳಿದ ಹನ್ನೊಂದು ಮನೆಯವರು ನನ್ನ ಮಾತು ನಂಬಿ ಹೂ ಕಳಿಸಬೇಕು. ಹೂ ಬಾಡಿ ವಾಪಸು ಬಂದರೆ ನಾನು ಆ ರಸ್ತೆಯಲ್ಲಿ ಮುಖ ಎತ್ತಿ ನಡೆಯುವುದು ಹೇಗೆ? ಇದನ್ನೆಲ್ಲ ಬಾಯಮ್ಮನಿಗೆ ಹೇಳಿದೆ. ಧೈರ್ಯ ತಂದುಕೋ ಎಂದು ಹೇಳುತ್ತಾರೆಂದುಕೊಂಡಿದ್ದೆ. ಹೇಳಲಿಲ್ಲ. "ಅವನು ಹೂ ತೆಗೆದುಕೊಳ್ಳದ ದಿನ ಬುಟ್ಟಿ ಹಿಡಿದು ಮಾರಲು ನಾನೂ ಬರುತ್ತೇನೆ," ಎಂದರು. ಅಷ್ಟು ಸಾಕಾಯಿತು.

ಹನ್ನೆರಡು ಮನೆಯೂ ಒಪ್ಪಿತು. ಒಂದು ಸೋಮವಾರ ಕಟ್ಟೆಗೆ ಹೋದೆ.

"ಪಟಕ್ಕೆ, ಜಲಜಕ್ಕ?" ಎಂದ ಯಜಮಾನ.

"ಪಟಕ್ಕೆ ಇಲ್ಲ. ಚೆಂಡಿಗೆ ಎಂಟುನೂರು ಉಂಟು. ಎಣಿಸಿ ನೋಡಿ."

"ಓಹೋ, ಲೆಕ್ಕದ ಬಾಯಮ್ಮನ ಟ್ಯೂಷನ್ನಾ?" ಒಂದು ಮೊಗ್ಗನ್ನು ಬೆಳಕಿಗೆ ಹಿಡಿದ. "ಅರಳಿದೆಯಲ್ಲ ಅಕ್ಕ."

ಅರಳಿರಲಿಲ್ಲ. ಬುಟ್ಟಿಯನ್ನು ಸ್ಕೂಟರಿಗೆ ಕಟ್ಟಿ ಉಡುಪಿಗೆ ಹೋದೆ. ಬಾಯಮ್ಮ ಆ ವಾರ ಕಾಲೇಜಿಗೆ ರಜೆ ಹಾಕಿದ್ದರು. ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಗಂಡಸರ ಕೊಡೆ ಬಿಚ್ಚಿ, ಕ್ಯಾನ್ವಾಸ್ ಶೂ ಹಾಕಿ, ಬುಟ್ಟಿಯ ಮುಂದೆ ನಿಂತರು. ಕೂಗಲು ಬರುವುದಿಲ್ಲ. ತರಗತಿಯಲ್ಲಿ ಹೇಳುವ ಧ್ವನಿಯಲ್ಲಿ, "ಇದರಲ್ಲಿ ಎಂಟುನೂರು ಮೊಗ್ಗು ಇದೆ. ಸಂಶಯ ಇದ್ದವರು ಎಣಿಸಬಹುದು," ಎನ್ನುತ್ತಿದ್ದರು. ಅವರದೇ ವಿದ್ಯಾರ್ಥಿಗಳು ಮೂವರು ಬಂದರು, ಅವರಲ್ಲಿ ಒಬ್ಬಳು ಸಂಶಯ ಇದೆ ಎಂದು ತಮಾಷೆಗೆ ಹೇಳಿದಳು. ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ಎಣಿಸಿದರು! ಮುಕ್ಕಾಲು ಗಂಟೆ. ಎಂಟುನೂರ ಒಂದು ಬಂತು. "ನೋಡು, ನಿನಗೆ ಒಂದು ಲಾಭ," ಎಂದರು.

ಹಾಗೂ ಹೀಗೂ ದಿನಕ್ಕೆ ಅರ್ಧ ಹೂ ಹೋಗುತ್ತಿತ್ತು. ನಾಲ್ಕು ದಿನ ಕಳೆಯಿತು. ಐದನೆಯ ದಿನ ಯಜಮಾನ ಒಪ್ಪಲಿಲ್ಲ. ಆರನೆಯ ದಿನ ನನ್ನನ್ನು ನೋಡಿ ನಕ್ಕ. ಆ ನಗುವಿನಲ್ಲಿ ಏನೋ ಗೊತ್ತಿರುವವನ ಸಮಾಧಾನವಿತ್ತು. ನಾನು ಸಿಟ್ಟಿನಿಂದ ನೇರ ಬಾಯಮ್ಮನ ಮನೆಗೆ ಹೋದೆ.

"ನಿಮ್ಮ ಲೆಕ್ಕ ತಪ್ಪಿತು ಬಾಯಮ್ಮ."

"ತಪ್ಪಿತು," ಎಂದರು. ಒಂದು ನೆಪ ಇಲ್ಲ, ಆದರೆ-ಗೀದರೆ ಇಲ್ಲ. ಶೂ ಹಾಕಿಕೊಂಡು ನನ್ನ ಜತೆಗೇ ಹೊರಟರು. "ಒಂದು ಮನೆಯಿಂದ ಅವನಿಗೆ ಕೊಸರು ಹೋಗುತ್ತಾ ಉಂಟು. ಎಲ್ಲ ಮನೆಗೂ ಹೋಗಿ ನೋಡುತ್ತೇನೆ."

ಒಂದೊಂದು ಮನೆಯ ಜಗಲಿಯಲ್ಲೂ ಐದೈದು ನಿಮಿಷ ಕೂತರು. ಕೊನೆಗೆ ನಮ್ಮ ಮನೆಗೆ ಬಂದರು. ಚಾವಡಿಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಎಷ್ಟು ಗೆರಟೆ ಮೊಗ್ಗು ಕೊಯ್ದೆ, ಎಷ್ಟು ಚೆಂಡು ಕಟ್ಟಿದೆ ಎಂದು ನಾನು ಬರೆದಿಡುತ್ತೇನೆ. ಗೆರಟೆ ಎಂದರೆ ತೆಂಗಿನ ಚಿಪ್ಪು, ಒಂದಕ್ಕೆ ನೂರು ಮೊಗ್ಗು ಹಿಡಿಯುತ್ತದೆ. ಅದನ್ನು ಬಹಳ ಹೊತ್ತು ನೋಡಿದರು. "ಮೂವತ್ತಮೂರು ಗೆರಟೆ. ನಾಲ್ಕು ಚೆಂಡಿಗೆ ಮೂವತ್ತೆರಡು. ಒಂದು ಉಳಿಯಿತಲ್ಲ?"

"ಅದು ಮನೆ ದೇವರಿಗೆ. ಮಾಮಿ ಕಟ್ಟಿ ಹಾಕುತ್ತಾರೆ."

ಅವರು ದೇವರ ಮೂಲೆಯ ಕಡೆ ನೋಡಿದರು. ದೀಪ ಉರಿಯುತ್ತಿತ್ತು. ಹೂ ಇರಲಿಲ್ಲ. ಈ ಗಡಿಬಿಡಿಯಲ್ಲಿ ಮಾಮಿ ಮರೆತಿರಬೇಕು ಎಂದೆ. ಬಾಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಕುಡಿಯಲು ನೀರು ಕೊಡು," ಎಂದರು. ನಾನು ನೀರು ತರುವಾಗ ಅವರು ಹಿಂದಿನ ಜಗಲಿಯಲ್ಲಿ ಮಾಮಿಯ ಎದುರು ಚೆನ್ನೆಮಣೆ ಇಟ್ಟು ಕೂತಾಗಿತ್ತು. ಇಂಥ ಹೊತ್ತಲ್ಲೂ ಆಟವಾ ಎಂದು ನನಗೆ ಕೋಪ ಬಂತು. ಒಳಗೆ ಹೋಗಿ ಅನ್ನಕ್ಕೆ ಇಟ್ಟೆ.

ಹೊರಡುವಾಗ ಗೇಟಿನ ಹತ್ತಿರ ಕೇಳಿದೆ. "ಯಾವ ಮನೆ ಅಂತ ಗೊತ್ತಾಯಿತಾ?"

"ಆಯಿತು."

"ಯಾರು?"

"ಹೇಳುವುದಿಲ್ಲ."

"ಬಾಯಮ್ಮ, ಹನ್ನೊಂದು ಮನೆ ನಾಶವಾಗುತ್ತಾ ಉಂಟು ಒಬ್ಬರಿಂದ!"

"ಚುಕ್ಕಿಗೆ ಹೆಸರು ಹಾಕಿದರೆ ಅದು ಗಣಿತ ಅಲ್ಲ ಮಾರಾಯ್ತಿ, ಚಾಡಿ," ಎಂದರು. "ನಾನು ನಿನಗೆ ಹೆಸರು ಕೊಟ್ಟರೆ ನೀನು ಒಂದು ಮನೆ ಕಳೆದುಕೊಳ್ಳುತ್ತೀ. ನಮಗೆ ಹನ್ನೆರಡು ಬೇಕು." ಮತ್ತೆ, ಏನೋ ಆಗ ನೆನಪಾದವರ ಹಾಗೆ, "ನಾಳೆಯಿಂದ ಹನ್ನೆರಡು ಮನೆಯ ಹೂವೂ ನಿನ್ನ ಮನೆಗೆ ಬರಲಿ. ನಿನ್ನ ಅತ್ತೆ ಎಣಿಸಿ ಒಪ್ಪಿದ ಮೇಲೆಯೇ ಸ್ಕೂಟರಿಗೆ ಹೋಗಲಿ. ಅವರಷ್ಟು ಚುರುಕು ಎಣಿಸುವವರು ನಮ್ಮ ಕಾಲೇಜಿನಲ್ಲೂ ಇಲ್ಲ," ಎಂದರು.

ಹಿರಿಯರಿಗೆ ಮರ್ಯಾದೆ ಕೊಟ್ಟರು ಎಂದುಕೊಂಡೆ. ಮರುದಿನದಿಂದ ಮಾಮಿ ಚಾವಡಿಯಲ್ಲಿ ಮಣೆ ಹಾಕಿ ಕೂತರು. ಚೆಂಡನ್ನು ಬಿಚ್ಚುವುದೂ ಬೇಡ, ಬೆರಳಿನಲ್ಲಿ ಸುತ್ತಿ ಸುತ್ತಿ ನೋಡಿ, "ಹನ್ನೆರಡು ಕಡಿಮೆ, ಕಟ್ಟಿ ತಾ," ಎನ್ನುತ್ತಿದ್ದರು. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹೆಂಗಸರಿಗೆಲ್ಲ ಕಟ್ಟೆಯ ಯಜಮಾನನಿಗಿಂತ ಮಾಮಿಯ ಹೆದರಿಕೆ ಹೆಚ್ಚಾಯಿತು. ಏಳು, ಎಂಟು, ಒಂಬತ್ತು, ಹತ್ತು ದಿನ ಕಳೆಯಿತು. ಹನ್ನೊಂದನೆಯ ದಿನ ಬಿಸಿಲಲ್ಲಿ ಸ್ಕೂಟರ್ ನಿಲ್ಲಿಸಿ ಕಟ್ಟೆಯ ಎದುರು ನಿಂತಾಗ, ಯಜಮಾನ ಖಾಲಿ ಪೆಟ್ಟಿಗೆಗಳನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, "ಒಳಗೆ ಬನ್ನಿ ಜಲಜಕ್ಕ, ಬಿಸಿಲು," ಎಂದ. ಹೂ ತೆಗೆದುಕೊಂಡ. ಮೊಗ್ಗನ್ನು ಬೆಳಕಿಗೆ ಹಿಡಿಯಲಿಲ್ಲ.

"ಪಟಕ್ಕೆ?" ಎಂದು ನಾನೇ ಕೇಳಿದೆ.

"ಪಟಕ್ಕೆ ನಾನೇ ಹಾಕಿದ್ದೇನೆ," ಎಂದ. ಹೌದು, ಹಾಕಿದ್ದ. ಒಂದು ಗೇಣು. ಪಟಕ್ಕೆ ಅಷ್ಟೇ ಬೇಕಾದದ್ದು.

ಉಳಿದ ಮನೆಗಳು ಒಂದೊಂದಾಗಿ ನಮ್ಮ ದಾರಿಗೆ ಬಂದವು, ಕಂಪ್ಯೂಟರಿನಲ್ಲಿ ಹಸಿರು ಹರಡಿದ ಹಾಗೆಯೇ. ನಮ್ಮ ಕಟ್ಟೆಯ ಚೆಂಡು ಎಣಿಸದೆ ಕೊಳ್ಳಬಹುದು ಎಂದು ಈಗ ಹೊರಗಿನವರು ಹೇಳುತ್ತಾರೆ.

ಮಣಿಪಾಲದಲ್ಲಿ ಇದರ ಬಗ್ಗೆ ಅವರು ಮಾತಾಡುವಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ದೊಡ್ಡ ಸಭಾಂಗಣ, ಎ.ಸಿ. ಚಳಿ. ಮೊದಲ ವಾಕ್ಯವೇ, "ನನ್ನ ಲೆಕ್ಕ ಆರು ದಿನ ತಪ್ಪಿತು," ಎಂದು. ಜನ ನಕ್ಕರು. ಕೋಟು ಹಾಕಿದ ಒಬ್ಬರು ಎದ್ದು, ಮಲ್ಲಿಗೆ ಹೂವಿನ ಲೆಕ್ಕ ದೊಡ್ಡ ದೊಡ್ಡ ಗುತ್ತಿಗೆಗಳಿಗೆ ಹೇಗೆ ಹೊಂದುತ್ತದೆ ಎಂದು ಕೇಳಿದರು. ಬಾಯಮ್ಮ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪುಂಟು: "ಹೂ ಸಂಜೆಗೆ ಬಾಡುತ್ತದೆ, ಅದರೊಳಗಿನ ಸುಳ್ಳು ಅದೇ ದಿನ ಎಣಿಸಲು ಸಿಗುತ್ತದೆ. ಸೇತುವೆಯೊಳಗಿನ ಸುಳ್ಳು ಸಿಗಲು ಸೇತುವೆ ಬೀಳಬೇಕು. ಗೆರೆಗಳು ಎರಡರಲ್ಲೂ ಒಂದೇ. ನಾನು ಬೇಗ ಬಾಡುವುದನ್ನು ಆರಿಸಿಕೊಂಡೆ, ಅಷ್ಟೇ." ಆ ಜಾರಿದ ಮನೆ ಯಾವುದೆಂದು ಅಲ್ಲಿಯೂ ಒಬ್ಬರು ಕೇಳಿದರು. ಅಲ್ಲಿಯೂ ಹೇಳಲಿಲ್ಲ.

ನಿವೃತ್ತಿಯ ಮೇಲೆ ಆರು ವರ್ಷ ಇದ್ದರು. ಕಳೆದ ತಿಂಗಳು, ಮೂರು ದಿನದ ಜ್ವರ, ಹೋಗಿಬಿಟ್ಟರು. ಮಣ್ಣಾಗಿ ತಿಂಗಳು ತುಂಬಿದ ದಿನ ಅವರ ತಮ್ಮನ ಮಗಳು ನನ್ನ ಕೈಗೆ ಒಂದು ಲಕೋಟೆ ಕೊಟ್ಟಳು. ಮೇಲೆ ಬಾಯಮ್ಮನ ಅಕ್ಷರ: "ಸ್ಕೂಟರಿನವಳಿಗೆ."

ಒಳಗೆ ಒಂದು ಹಾಳೆ. ಹನ್ನೆರಡು ಚುಕ್ಕಿ, ನಡುವೆ ಕಟ್ಟೆ. ಚುಕ್ಕಿಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ನಾನು ಹೂ ಎತ್ತಿಕೊಂಡು ಹೋಗುವ ಕ್ರಮದಲ್ಲಿ ಸಂಖ್ಯೆ ಹಾಕಿದ್ದರು. ಒಂದನೆಯ ಚುಕ್ಕಿಯಿಂದ ಕಟ್ಟೆಗೆ ಒಂದು ಕೆಂಪು ಗೆರೆ, ಅದರ ಮೇಲೆ "ದಿನಕ್ಕೆ ಒಂದು ಗೆರಟೆ, ಆರು ದಿನ" ಎಂದು ಸಣ್ಣ ಅಕ್ಷರದಲ್ಲಿ. ಆಮೇಲೆ ಆ ಗೆರೆಯನ್ನು ಹೊಡೆದುಹಾಕಿದ್ದರು.

ನಾನು ದಿನಾ ಹೊರಡುವುದು ನಮ್ಮ ಮನೆಯಿಂದ.

ಮಾಮಿಗೆ ಈಗ ಎಂಬತ್ತನಾಲ್ಕು. ಚಾವಡಿಯಲ್ಲಿ ಕೂತು ಎಣಿಸುತ್ತಿದ್ದರು. ಹಾಳೆಯನ್ನು ಮುಂದೆ ಹಿಡಿದೆ. "ಮಾಮಿ, ಈ ಕೆಂಪು ಗೆರೆ ಎಂತ?"

"ಎಣಿಸುವಾಗ ಮಾತಾಡಿಸಬೇಡ." ಕೈಯಲ್ಲಿದ್ದ ಚೆಂಡನ್ನು ಪೂರ್ತಿ ಎಣಿಸಿ ಬದಿಗಿಟ್ಟರು. ಹಾಳೆಯನ್ನು ಚೆನ್ನೆಮಣೆ ನೋಡುವ ಹಾಗೆ ನೋಡಿದರು. "ಇದು ನಾವು. ಅಲ್ವಾ?"

"ಹೌದು."

"ಹಾಲಿನ ಆಟೋದವನ ಕೈಯಲ್ಲಿ ಕಳಿಸುತ್ತಿದ್ದೆ. ನೀನು ಬೀದಿಗೆ ಬೀಳುತ್ತೀ ಅಂತ ಹೆದರಿಕೆ ಆಯಿತು. ಮಗನೂ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ. ನಮ್ಮ ದೇವರು ಆರು ದಿನ ಹೂವಿಲ್ಲದೆ ಕೂರುತ್ತಾರೆ. ಕಟ್ಟೆಯವನು ಕೂರುತ್ತಾನಾ?"

"ಬಾಯಮ್ಮ ನಿಮಗೆ ಎಂತ ಹೇಳಿದರು ಅವತ್ತು?"

"ಎಂತದೂ ಹೇಳಲಿಲ್ಲ. ದೇವರ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ. ಆಡಿದರು. ಅವತ್ತು ನಾನು ಸೋತೆ. ಅವರು ಗೆದ್ದದ್ದು ಅದೊಂದೇ ಸಲ. ಮಣೆ ಮಡಚುವಾಗ, 'ಅಮ್ಮ, ಹನ್ನೆರಡು ಮನೆಯ ಹೂ ಎಣಿಸಲು ನಂಬಿಕೆಯವರು ಬೇಕಿತ್ತು, ನೀವು ಕೂರುತ್ತೀರಾ?' ಅಂದರು." ಮಾಮಿ ಹಾಳೆಯನ್ನು ನನಗೆ ವಾಪಸು ಕೊಟ್ಟರು. "ಅಷ್ಟು ಜನರ ಹೂ ಎದುರಿಗೆ ಬಂದು ಬಿದ್ದ ಮೇಲೆ ಒಂದು ಗೆರಟೆ ತೆಗೆಯಲಿಕ್ಕೆ ಕೈ ಬರುವುದಿಲ್ಲ ಮಾರಾಯ್ತಿ."

ಬಾಯಮ್ಮನ ತಿಂಗಳ ಪೂಜೆ ಇಗರ್ಜಿಯಲ್ಲಿ ಅವತ್ತೇ ಸಂಜೆ ಇತ್ತು. ಸಮಾಧಿಗೆ ಹಾಕಲು ಬೆಳಿಗ್ಗೆಯೇ ಒಂದು ಚೆಂಡು ಕಟ್ಟಿ, ಬಾಳೆಎಲೆಯಲ್ಲಿ ಸುತ್ತಿ ಇಟ್ಟಿದ್ದೆ. ಅದನ್ನು ಎತ್ತಿಕೊಂಡು ಹೊರಟೆ.

"ತಾ ಇಲ್ಲಿ," ಎಂದರು ಮಾಮಿ.

"ಇದು ಮಾರಲಿಕ್ಕೆ ಅಲ್ಲ ಮಾಮಿ, ಬಾಯಮ್ಮನಿಗೆ."

"ಅದಕ್ಕೇ ತಾ ಅಂದದ್ದು."

ಎಲೆ ಬಿಚ್ಚಿ, ಬೆರಳಿನಲ್ಲಿ ಸುತ್ತಿ ಸುತ್ತಿ, ತುಟಿ ಅಲುಗಿಸುತ್ತ ಕೊನೆಯವರೆಗೂ ಹೋದರು. ಮತ್ತೆ ಚೆಂಡನ್ನು ನನ್ನ ಮಡಿಲಿಗೆ ಹಾಕಿದರು.

"ಎರಡು ಕಡಿಮೆ ಉಂಟು. ಕೂತು ಕಟ್ಟು. ಆ ಹೆಂಗಸು ಎಣಿಸದೆ ಬಿಡುತ್ತಾರಾ?"